ಗಡಿಯ ಕಾವಲುಗಾರರು ಅರಸರಾದ ಬಗೆ



1973ರ ಸೆಪ್ಟೆಂಬರ್ ತಿಂಗಳಲ್ಲಿ ಸ್ವೀಡನ್ನಿನ ಸಿಂಹಾಸನವನ್ನೇರಿದ ದೊರೆ ಹದಿನಾರನೆಯ ಕಾರ್ಲ್ ಗುಸ್ತಾವರು ಹಿರಿಯರಿಂದ ಬಂದ ಬಿರುದಾವಳಿಯನ್ನು ಮೊಟಕುಗೊಳಿಸಿ ‘ಸ್ವೀಡನ್ನಿನ ಅರಸ’ ಎಂಬಷ್ಟನ್ನೇ ಉಳಿಸಿಕೊಂಡರು. ಅದಕ್ಕೆ ಮೊದಲು, ಗುಸ್ತಾವ್ ವಾಸಾನ ಕಾಲದಿಂದ, ಅಂದರೆ 16ನೆಯ ಶತಮಾನದ ನಡುಭಾಗದಿಂದ, ಇಲ್ಲಿಯ ಅರಸರು ‘ಸ್ವೀಡರ, ಗೋತರ ಮತ್ತು ವೆಂಡರ ಅರಸ’ ಎಂದು ಕರೆಯಿಸಿಕೊಳ್ಳುತ್ತಿದ್ದರು. ಸ್ವೀಡರು ಯಾರು, ಗೋತರು ಯಾರು ಎಂಬುದನ್ನು ಈ ದೇಶದ ಶಾಲೆಗೆ ಹೋಗುವ ನಮ್ಮ ಮಕ್ಕಳೂ ಹೇಳಬಲ್ಲರು. ಆದರೆ ಈ ವೆಂಡರು ಯಾರು? ನಾಲ್ಕು ನೂರು ವರ್ಷಗಳಿಗೂ ಮಿಕ್ಕಿ ಒಂದು ರಾಜ್ಯದ ಬಿರುದಿನಲ್ಲಿ ಉಳಿದು ಬಂದ ಆ ಜನ ಈಗ ಎಲ್ಲಿದ್ದಾರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಬಾಲ್ಟಿಕ್ ಸಮುದ್ರವನ್ನು ದಾಟಿ ಮಧ್ಯಯುಗದ ಜರ್ಮನಿಯ ಪೂರ್ವದ ಗಡಿಗೆ ಹೋಗಬೇಕಾಗುತ್ತದೆ. ಆ ಗಡಿಯನ್ನು ಕಾಯಲು ನೇಮಕಗೊಂಡ ಅಧಿಕಾರಿಗಳು ಕಾಲಕ್ರಮದಲ್ಲಿ ಅರಸುಮನೆತನಗಳಾಗಿ ಬೆಳೆದ ಕಥೆಯೇ ಇಂದಿನ ನಮ್ಮ ವಿಷಯ.

ಮಾರ್ಕ್ ಎಂದರೇನು?

ಸ್ವೀಡಿಷ್ ಭಾಷೆಯಲ್ಲಿ ‘ಮಾರ್ಕ್’ ಎಂದರೆ ನೆಲ, ಭೂಮಿ. ಇದೇ ಶಬ್ದ ಹಳೆಯ ಜರ್ಮಾನಿಕ್ ಭಾಷೆಗಳಲ್ಲಿ ಗಡಿ, ಗಡಿಯ ಸೀಮೆ ಎಂಬ ಅರ್ಥದಲ್ಲಿತ್ತು. ಹಳೆಯ ನಾರ್ಡಿಕ್ ಭಾಷೆಯಲ್ಲಿ ಇದಕ್ಕೆ ಕಾಡು ಎಂಬ ಅರ್ಥವೂ ಬಂದಿತು. ಎರಡು ನಾಡುಗಳ ನಡುವೆ ದಟ್ಟವಾದ ಕಾಡೇ ಎಲ್ಲೆಯಾಗಿದ್ದ ಕಾಲದಲ್ಲಿ ಈ ಮೂರು ಅರ್ಥಗಳೂ ಒಂದರೊಳಗೊಂದು ಸೇರಿಹೋಗಿದ್ದರೆ ಆಶ್ಚರ್ಯವಿಲ್ಲ. ನಮ್ಮ ನೆರೆಯ ಡೆನ್ಮಾರ್ಕ್ ದೇಶದ ಹೆಸರಿನಲ್ಲಿಯೂ, ಉತ್ತರ ಸ್ವೀಡನ್ನಿನ ಲಾಪ್‌ಮಾರ್ಕ್ ಎಂಬ ಹೆಸರಿನಲ್ಲಿಯೂ ಈ ಶಬ್ದ ಇಂದಿಗೂ ಜೀವಂತವಾಗಿದೆ.

ಕ್ರಿ.ಶ. 800ರಲ್ಲಿ ರೋಮಿನಲ್ಲಿ ಸಾಮ್ರಾಟನಾಗಿ ಕಿರೀಟ ಧರಿಸಿದ ಶಾರ್ಲೆಮೇನ್ ತನ್ನ ವಿಸ್ತಾರವಾದ ರಾಜ್ಯವನ್ನು ಸೀಮೆಗಳಾಗಿ ವಿಂಗಡಿಸಿ, ಒಂದೊಂದಕ್ಕೂ ‘ಗ್ರಾಫ್’ ಎಂಬ ಅಧಿಕಾರಿಯನ್ನು ನೇಮಿಸಿದನು. ಸ್ವೀಡಿಷ್ ಭಾಷೆಯ ‘ಗ್ರೇವೆ’ ಈ ಶಬ್ದದ ಇನ್ನೊಂದು ರೂಪವೇ. ಒಳನಾಡಿನ ಗ್ರಾಫನಿಗೆ ನ್ಯಾಯ ವಿಚಾರಣೆ, ಕಂದಾಯ ವಸೂಲಿ ಮೊದಲಾದ ಕೆಲಸಗಳಿದ್ದವು. ಆದರೆ ಸ್ಪೇನಿನ ಕಡೆಗೆ, ಬ್ರಿಟನಿಯ ಕಡೆಗೆ, ಡೇನರ ಕಡೆಗೆ, ಪೂರ್ವದಲ್ಲಿ ಅವಾರರ ಕಡೆಗೆ ಇದ್ದ ಗಡಿಸೀಮೆಗಳಲ್ಲಿ ಇಷ್ಟು ಸಾಲದಾಗಿತ್ತು. ಶತ್ರು ದಾಳಿಯಿಟ್ಟಾಗ ಅರಮನೆಗೆ ದೂತನನ್ನು ಕಳುಹಿಸಿ ಅಪ್ಪಣೆ ಬರುವತನಕ ಕಾಯುತ್ತ ಕುಳಿತರೆ ಊರೇ ಉಳಿಯದು. ಆದುದರಿಂದ ಗಡಿಯ ಅಧಿಕಾರಿಗೆ ಸ್ವಂತ ನಿರ್ಧಾರದಿಂದ ಸೈನ್ಯ ಕೂಡಿಸುವ, ಕೋಟೆ ಕಟ್ಟುವ, ಹಲವು ಸೀಮೆಗಳನ್ನು ಒಟ್ಟಾಗಿ ಆಳುವ ಅಧಿಕಾರವನ್ನು ಕೊಡಲಾಯಿತು. ಇವನೇ ‘ಮಾರ್ಕ್‌ಗ್ರಾಫ್’, ಅಂದರೆ ಗಡಿಯ ಗ್ರಾಫ್.

ಭಾರತೀಯರಾದ ನಮಗೆ ಈ ಕಲ್ಪನೆ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಅಂತಪಾಲ’ ಎಂಬ ಅಧಿಕಾರಿಯ ಉಲ್ಲೇಖವಿದೆ. ರಾಜ್ಯದ ಅಂತ್ಯವನ್ನು, ಎಂದರೆ ಎಲ್ಲೆಯನ್ನು, ಪಾಲಿಸುವವನು ಅಂತಪಾಲ. ಮಾರ್ಕ್‌ಗ್ರಾಫ್ ಎಂಬ ಜರ್ಮನ್ ಶಬ್ದಕ್ಕೆ ಇದಕ್ಕಿಂತ ಹತ್ತಿರದ ಶಬ್ದ ದೊರೆಯುವುದು ಕಷ್ಟ.

ಕೇಂದ್ರವನ್ನು ಮೀರಿ ಬೆಳೆದ ಅಂಚು

ಗಡಿಯನ್ನು ಕಾಯಲೆಂದು ಕೊಟ್ಟ ಅಧಿಕಾರವೇ ಮುಂದೆ ಕೊಟ್ಟವನ ಕೈಮೀರುವುದುಂಟು. ಕರ್ನಾಟಕದ ಇತಿಹಾಸದಲ್ಲಿ ಇದಕ್ಕೆ ಉದಾಹರಣೆಗಳು ಹೇರಳವಾಗಿವೆ. ರಾಷ್ಟ್ರಕೂಟರ ಸಾಮಂತನಾಗಿದ್ದ ಎರಡನೆಯ ತೈಲಪನು 973ರಲ್ಲಿ ತನ್ನ ಒಡೆಯರ ರಾಜ್ಯವನ್ನೇ ಕೈವಶ ಮಾಡಿಕೊಂಡು ಚಾಲುಕ್ಯ ವಂಶವನ್ನು ಮತ್ತೆ ಸ್ಥಾಪಿಸಿದನು. ಆ ಚಾಲುಕ್ಯರ ದಕ್ಷಿಣದ ಅಂಚಿನಲ್ಲಿ, ಚೋಳರಿಗೆ ಎದುರಾಗಿ ನಿಂತವರು ಹೊಯ್ಸಳರು. ಮಲೆನಾಡಿನ ಸೊಸೆವೂರಿನಲ್ಲಿ, ಎಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಚಿಕ್ಕ ಒಡೆತನವಾಗಿ ತೊಡಗಿದ ಈ ಮನೆತನದ ವಿಷ್ಣುವರ್ಧನನು 1116ರ ಹೊತ್ತಿಗೆ ಚೋಳರಿಂದ ತಲಕಾಡನ್ನು ಗೆದ್ದು ‘ತಲಕಾಡುಗೊಂಡ’ ಎಂಬ ಬಿರುದನ್ನು ಧರಿಸಿದನು. ಅಷ್ಟಾದರೂ ಅವನು ಹೆಸರಿಗೆ ಚಾಲುಕ್ಯರ ಮಹಾಮಂಡಲೇಶ್ವರನೇ ಆಗಿದ್ದನು. ಪೂರ್ಣ ಸ್ವಾತಂತ್ರ್ಯ ಬಂದುದು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ.

ತೈಲಪನು ಅಧಿಕಾರಕ್ಕೆ ಬಂದ ಮೂರೇ ವರ್ಷಗಳ ತರುವಾಯ, 976ರಲ್ಲಿ, ಜರ್ಮನಿಯ ಆಗ್ನೇಯ ಗಡಿಯಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಸೀಮೆಗೆ ಬಾಬೆನ್‌ಬೆರ್ಗ್ ಮನೆತನದ ಲೂಯಿಟ್‌ಪೋಲ್ಡನು ಮಾರ್ಕ್‌ಗ್ರಾಫನಾಗಿ ನೇಮಕಗೊಂಡನು. 996ರ ಒಂದು ಶಾಸನಪತ್ರದಲ್ಲಿ ಈ ಸೀಮೆಯನ್ನು ‘ಓಸ್ಟಾರ್‌ರೀಹಿ’ ಎಂದು ಕರೆದಿದೆ. ಪೂರ್ವದ ನಾಡು ಎಂದು ಅದರ ಅರ್ಥ. ಇಂದಿನ ಆಸ್ಟ್ರಿಯಾ ದೇಶದ ಹೆಸರು ಇದರಿಂದಲೇ ಬಂದಿದೆ. 1156ರಲ್ಲಿ ಈ ಗಡಿಸೀಮೆ ಡ್ಯೂಕರ ರಾಜ್ಯವಾಗಿ ಮೇಲೇರಿತು. 1246ರಲ್ಲಿ ಬಾಬೆನ್‌ಬೆರ್ಗ್ ಗಂಡುಸಂತತಿ ನಿಂತುಹೋಯಿತು. 1282ರಲ್ಲಿ ಹಾಬ್ಸ್‌ಬುರ್ಗ್ ಮನೆತನದವರು ಇಲ್ಲಿಗೆ ಬಂದು 1918ರವರೆಗೂ ನೆಲೆನಿಂತರು. ಗಡಿಯ ಹೊರಠಾಣ್ಯವಾಗಿದ್ದ ವಿಯೆನ್ನಾ ಸಾಮ್ರಾಜ್ಯದ ರಾಜಧಾನಿಯೇ ಆಯಿತು.

ಎಲ್ಬೆ ನದಿಯ ಆಚೆ

ನಮ್ಮ ವೆಂಡರು ಕಾಣಿಸಿಕೊಳ್ಳುವುದು ಇನ್ನೂ ಉತ್ತರದಲ್ಲಿ. ಎಲ್ಬೆ ಮತ್ತು ಸಾಲೆ ನದಿಗಳ ಪೂರ್ವಕ್ಕೆ ಸ್ಲಾವ್ ಭಾಷೆಗಳನ್ನಾಡುವ ಹಲವು ಬುಡಕಟ್ಟುಗಳು ನೆಲೆಸಿದ್ದವು. ಜರ್ಮನ್ನರು ಅವರೆಲ್ಲರನ್ನೂ ಒಟ್ಟಾಗಿ ‘ವೆಂಡರು’ ಎಂದರು. ಅವರಿಗೆ ತಮ್ಮದೇ ಆದ ದೇವತೆಗಳಿದ್ದವು, ಕೋಟೆಗಳಿದ್ದವು, ರೇವುಪಟ್ಟಣಗಳಿದ್ದವು. ರ್‍ಯೂಗೆನ್ ದ್ವೀಪದ ಆರ್ಕೋನಾದಲ್ಲಿ ಸ್ವಾಂತೆವಿತ್ ಎಂಬ ದೇವರ ಗುಡಿಯಿತ್ತು. ಆ ವಿಗ್ರಹಕ್ಕೆ ನಾಲ್ಕು ತಲೆಗಳಿದ್ದವೆಂದು ಡೇನಿಷ್ ಇತಿಹಾಸಕಾರ ಸಾಕ್ಸೋ ಬರೆದಿಟ್ಟಿದ್ದಾನೆ. ಚತುರ್ಮುಖನನ್ನು ಬಲ್ಲ ನಮಗೆ ಈ ವರ್ಣನೆ ಕುತೂಹಲ ತರದಿರದು. 1168ರಲ್ಲಿ ಡೇನರು ಆ ಗುಡಿಯನ್ನು ನಾಶಮಾಡಿದರು. ಮುಂದೆ ಡೆನ್ಮಾರ್ಕಿನ ಅರಸರು ‘ವೆಂಡರ ಅರಸ’ ಎಂಬ ಬಿರುದನ್ನು ಧರಿಸಿದರು. ಮೂರು ಶತಮಾನಗಳ ಅನಂತರ ಸ್ವೀಡನ್ನಿನ ಗುಸ್ತಾವ್ ವಾಸಾನು ಡೇನರಿಗೆ ತಾನೇನೂ ಕಡಿಮೆಯಲ್ಲವೆಂಬಂತೆ ಅದೇ ಬಿರುದನ್ನು ತನ್ನದಾಗಿಸಿಕೊಂಡನು.

ಜರ್ಮನ್ ದೊರೆ ಮೊದಲನೆಯ ಒಟ್ಟೋ 936–937ರ ಸುಮಾರಿನಲ್ಲಿ ಈ ಗಡಿಯನ್ನು ಇಬ್ಬರಿಗೆ ಒಪ್ಪಿಸಿದನು. ಉತ್ತರದ ಭಾಗ ಹೆರ್ಮಾನ್ ಬಿಲ್ಲುಂಗನಿಗೆ, ದಕ್ಷಿಣದ ಭಾಗ ಗೇರೋ ಎಂಬವನಿಗೆ. ಈ ಗೇರೋ ಸುಮಾರು 30 ಮಂದಿ ಸ್ಲಾವ್ ನಾಯಕರನ್ನು ಔತಣಕ್ಕೆ ಕರೆದು ಕೊಲ್ಲಿಸಿದನೆಂದು ಅದೇ ಶತಮಾನದ ಸ್ಯಾಕ್ಸನ್ ಇತಿಹಾಸಕಾರ ವಿಡುಕಿಂಡ್ ತಿಳಿಸುತ್ತಾನೆ. ಗಡಿಯ ರಾಜಕಾರಣ ಎಷ್ಟು ಕ್ರೂರವಾಗಿತ್ತೆಂಬುದಕ್ಕೆ ಈ ಒಂದು ನಿದರ್ಶನ ಸಾಕು. 965ರಲ್ಲಿ ಗೇರೋ ತೀರಿಕೊಂಡ ಮೇಲೆ ಅವನ ಸೀಮೆ ಹೋಳಾಗಿ ಉತ್ತರದ ಮಾರ್ಕ್, ಲೌಸಿಟ್ಸ್, ಮೈಸೆನ್ ಮೊದಲಾದ ಚಿಕ್ಕ ಗಡಿಸೀಮೆಗಳು ಹುಟ್ಟಿಕೊಂಡವು. 983ರಲ್ಲಿ ಸ್ಲಾವರು ದಂಗೆಯೆದ್ದು ಹಾವೆಲ್‌ಬೆರ್ಗ್ ಮತ್ತು ಬ್ರಾಂಡೆನ್‌ಬುರ್ಗ್ ಕೋಟೆಗಳನ್ನು ಹಿಡಿದಾಗ ಉತ್ತರದ ಮಾರ್ಕ್ ಬಹುಮಟ್ಟಿಗೆ ಹೆಸರಿಗಷ್ಟೇ ಉಳಿಯಿತು. ಸುಮಾರು ಒಂದೂವರೆ ಶತಮಾನ ಇದೇ ಸ್ಥಿತಿ ಮುಂದುವರಿಯಿತು.

ಈ ಸ್ಥಿತಿಯನ್ನು ಬದಲಿಸಿದವನು ಆಸ್ಕಾನಿಯ ಮನೆತನದ ಆಲ್ಬ್ರೆಕ್ಟ್. ಕರಡಿ ಎಂಬುದು ಅವನ ಅಡ್ಡಹೆಸರು. 1134ರಲ್ಲಿ ಉತ್ತರದ ಮಾರ್ಕ್ ಇವನಿಗೆ ದೊರೆಯಿತು. ಬ್ರಾಂಡೆನ್‌ಬುರ್ಗಿನ ಸ್ಲಾವ್ ಒಡೆಯ ಪ್ರಿಬಿಸ್ಲಾವನು ಕ್ರೈಸ್ತನಾಗಿ ಹೈನ್‌ರಿಷ್ ಎಂಬ ಹೆಸರನ್ನೂ ತಳೆದಿದ್ದನು. ಮಕ್ಕಳಿಲ್ಲದ ಅವನು ತನ್ನ ಕೋಟೆ ಆಲ್ಬ್ರೆಕ್ಟನಿಗೆ ಸೇರಲೆಂದು ಏರ್ಪಡಿಸಿ 1150ರಲ್ಲಿ ತೀರಿಕೊಂಡನು. ನಡುವೆ ಯಾಕ್ಸಾ ಎಂಬ ಇನ್ನೊಬ್ಬ ಸ್ಲಾವ್ ನಾಯಕ ಅದನ್ನು ಕಿತ್ತುಕೊಂಡರೂ 1157ರ ಜೂನ್ ತಿಂಗಳಲ್ಲಿ ಆಲ್ಬ್ರೆಕ್ಟನು ಕೋಟೆಯನ್ನು ಮರಳಿ ಪಡೆದು, ಬ್ರಾಂಡೆನ್‌ಬುರ್ಗಿನ ಮಾರ್ಕ್‌ಗ್ರಾಫ್ ಎಂದು ಹೇಳಿಕೊಂಡನು. ಕತ್ತಿಯಷ್ಟೇ ಅಲ್ಲ, ಉತ್ತರಾಧಿಕಾರದ ಒಪ್ಪಂದವೂ ಗಡಿಯನ್ನು ಮುಂದಕ್ಕೆ ಸರಿಸಿತೆಂಬುದು ಇಲ್ಲಿ ಗಮನಾರ್ಹ.

ನೆಲವನ್ನು ಗೆದ್ದರೆ ಸಾಲದು, ಅದನ್ನು ಉಳುವ ಜನ ಬೇಕು. ಅದಕ್ಕಾಗಿ ಗಡಿಯ ಒಡೆಯರು ಹೊಸ ಊರುಗಳನ್ನು ಕಟ್ಟಿಸುವ ಗುತ್ತಿಗೆಯನ್ನು ‘ಲೊಕಾಟೋರ್’ ಎಂಬ ಮಧ್ಯಸ್ಥರಿಗೆ ಕೊಟ್ಟರು. ಅವರು ದೂರದ ಹಾಲೆಂಡ್, ಫ್ಲಾಂಡರ್ಸ್, ರೈನ್ ದಂಡೆಗಳಿಂದ ಒಕ್ಕಲುಗಳನ್ನು ಕರೆತಂದು, ಮೊದಲ ಕೆಲವು ವರ್ಷ ಕಂದಾಯವಿಲ್ಲದೆ ಭೂಮಿ ಹಂಚಿ, ಪ್ರತಿಫಲವಾಗಿ ಊರಿನ ಮುಖಂಡತನವನ್ನು ತಾವು ಪಡೆಯುತ್ತಿದ್ದರು. ಜವುಗು ನೆಲದ ನೀರನ್ನು ಕಾಲುವೆ ತೋಡಿ ಹರಿಸುವ ವಿದ್ಯೆಯಲ್ಲಿ ಹಾಲೆಂಡಿನವರು ನಿಪುಣರು. ಬರ್ಲಿನ್ನಿನ ನೈರುತ್ಯಕ್ಕಿರುವ ‘ಫ್ಲೆಮಿಂಗ್’ ಎಂಬ ದಿಬ್ಬದ ನಾಡಿಗೆ ಆ ಹೆಸರು ಬಂದುದು ಅಲ್ಲಿಗೆ ಬಂದು ನೆಲೆಸಿದ ಫ್ಲಾಂಡರ್ಸಿನ ವಲಸೆಗಾರರಿಂದ. ಕೈಯ ಕಸುಬನ್ನೇ ಬಂಡವಾಳ ಮಾಡಿಕೊಂಡು ಪರದೇಶಕ್ಕೆ ಹೊರಡುವ ಪದ್ಧತಿ ನಮ್ಮ ತಲೆಮಾರಿನಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ಇದರಿಂದ ತಿಳಿಯಬಹುದು.

ಮೂರು ಮನೆತನಗಳು, ಒಂದು ಅರಮನೆ

ಆಸ್ಕಾನಿಯ ಸಂತತಿ 1320ರಲ್ಲಿ ಬ್ರಾಂಡೆನ್‌ಬುರ್ಗಿನಲ್ಲಿ ಕೊನೆಗೊಂಡಿತು. ಆಮೇಲೆ ವಿಟ್ಟೆಲ್ಸ್‌ಬಾಖ್ ಮನೆತನ, ತರುವಾಯ ಲುಕ್ಸೆಂಬುರ್ಗ್ ಮನೆತನ ಅಲ್ಲಿ ಆಳಿದವು. 1356ರ ‘ಸುವರ್ಣ ಮುದ್ರೆಯ ಶಾಸನ’ದಲ್ಲಿ ಸಾಮ್ರಾಟನನ್ನು ಆರಿಸುವ ಹಕ್ಕು ಏಳು ಮಂದಿಗೆ ಮಾತ್ರ ಎಂದು ಗೊತ್ತುಪಡಿಸಿದಾಗ, ಆ ಏಳರಲ್ಲಿ ಬ್ರಾಂಡೆನ್‌ಬುರ್ಗಿನ ಮಾರ್ಕ್‌ಗ್ರಾಫನೂ ಒಬ್ಬನಾದನು. ಸಾಮ್ರಾಟನ ನೇಮಕದಿಂದ ಹುಟ್ಟಿದ ಪದವಿ ಸಾಮ್ರಾಟನನ್ನೇ ಆರಿಸುವ ಪದವಿಯಾಯಿತು. ನಮ್ಮ ಸಾಮಂತರು ಒಡೆಯನನ್ನು ಕೆಳಗಿಳಿಸಿ ತಾವೇ ಗದ್ದುಗೆ ಏರಿದರು. ಜರ್ಮನಿಯ ಗಡಿಯ ಒಡೆಯರು ಗದ್ದುಗೆಯನ್ನು ಅಲ್ಲಿಯೇ ಇರಗೊಟ್ಟು ಅದರ ಕೀಲಿಕೈಯನ್ನು ತಮ್ಮಲ್ಲಿಟ್ಟುಕೊಂಡರು. 1415ರಲ್ಲಿ ಹೊಹೆನ್‌ತ್ಸೊಲರ್ನ್ ಮನೆತನದ ಫ್ರೀಡ್‌ರಿಷನಿಗೆ ಬ್ರಾಂಡೆನ್‌ಬುರ್ಗ್ ದೊರೆಯಿತು. ಇವರ ಸಂತತಿಯೇ 1701ರಲ್ಲಿ ಪ್ರಷ್ಯಾದ ದೊರೆಗಳಾಗಿ, 1871ರಲ್ಲಿ ಜರ್ಮನ್ ಸಾಮ್ರಾಟರಾಗಿ ಮೆರೆದು 1918ರಲ್ಲಿ ಪದಚ್ಯುತರಾದರು.

ಎರಡನೆಯ ಮನೆತನ ಮೈಸೆನ್ನಿನ ವೆಟ್ಟಿನ್ನರದು. 929ರಲ್ಲಿ ಎಲ್ಬೆಯ ದಂಡೆಯಲ್ಲಿ ಕಟ್ಟಿದ ಮೈಸೆನ್ ಕೋಟೆಯ ಸುತ್ತಣ ಸೀಮೆ 1089ರಲ್ಲಿ ಈ ಮನೆತನದ ಕೈಸೇರಿತು. 1168ರ ಸುಮಾರಿಗೆ ಫ್ರೈಬೆರ್ಗಿನ ಹತ್ತಿರ ಬೆಳ್ಳಿಯ ಅದಿರು ಸಿಕ್ಕಿದ ಮೇಲೆ ಇವರ ಭಾಗ್ಯ ತೆರೆಯಿತು. 1423ರಲ್ಲಿ ಸ್ಯಾಕ್ಸನಿಯ ಮತದಾರ ಡ್ಯೂಕರೆಂಬ ಪದವಿಯೂ ಬಂದಿತು. 1485ರಲ್ಲಿ ಅಣ್ಣತಮ್ಮಂದಿರು ರಾಜ್ಯವನ್ನು ಪಾಲು ಮಾಡಿಕೊಂಡು ಎರಡು ಕವಲುಗಳಾದರು. ಹಿರಿಯ ಕವಲಿನ ಪಾಲು ಮುಂದೆ ಮತ್ತೆ ಮತ್ತೆ ಒಡೆದು ಅನೇಕ ಪುಟ್ಟ ಸಂಸ್ಥಾನಗಳಾಯಿತು. ಅವುಗಳಲ್ಲಿ ಒಂದು ಕೋಬುರ್ಗ್. ಅವಿಭಕ್ತ ಕುಟುಂಬದ ಜಮೀನು ಪಾಲಾಗುತ್ತ ಹೋಗುವುದನ್ನು ಊರಿನಲ್ಲಿ ಕಂಡವರಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ.

ಮೂರನೆಯದು ಬಾಡೆನ್ ಮನೆತನ. ಇದರ ಕಥೆ ಸ್ವಲ್ಪ ವಿಚಿತ್ರ. ಜರ್ಮನಿಯ ನೈರುತ್ಯದ ಬಾಡೆನ್ ಗಡಿಯ ಸೀಮೆಯಾಗಿರಲೇ ಇಲ್ಲ. ತ್ಸೇರಿಂಗೆನ್ ಕುಲದ ಹೆರ್ಮಾನ್ ಎಂಬವನು ಇಟಲಿಯ ವೆರೋನಾದ ಮಾರ್ಕ್‌ಗ್ರಾಫ್ ಎಂಬ ಬಿರುದನ್ನು ಧರಿಸಿದ್ದನು. ಅವನ ಮಗ 1112ರಲ್ಲಿ ಆ ಬಿರುದನ್ನು ತನ್ನ ಬಾಡೆನ್ ಕೋಟೆಯ ಹೆಸರಿಗೆ ಜೋಡಿಸಿಕೊಂಡನು. ಕಾಯಲು ಗಡಿಯಿಲ್ಲದಿದ್ದರೂ ಬಿರುದು ಉಳಿಯಿತು. ಕೆಲಸದ ಹೆಸರಾಗಿ ಹುಟ್ಟಿದ ಮಾತು ಕುಲದ ಹೆಸರಾಗಿ ಮಾರ್ಪಡುವುದು ಹೀಗೆ. ನಮ್ಮಲ್ಲಿ ಊರಿನ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಮಕ್ಕಳು, ನಾಡನ್ನು ನೋಡಿಕೊಳ್ಳುತ್ತಿದ್ದ ನಾಡಗೌಡರ ಮಕ್ಕಳು ಆ ಕೆಲಸ ಬಿಟ್ಟು ಎಷ್ಟೋ ತಲೆಮಾರುಗಳಾದ ಮೇಲೂ ಆ ಹೆಸರನ್ನು ಹೊತ್ತಿರುವುದಿಲ್ಲವೇ?

ಈ ಮೂರು ಮನೆತನಗಳೂ ಸ್ಟಾಕ್‌ಹೋಮಿನ ಅರಮನೆಯಲ್ಲಿ ಬಂದು ಸೇರುತ್ತವೆ. ಎರಡನೆಯ ಗುಸ್ತಾವ್ ಅಡೋಲ್ಫನು 1620ರಲ್ಲಿ ವರಿಸಿದ ಮರಿಯಾ ಎಲೆಯೊನೋರಾ ಬ್ರಾಂಡೆನ್‌ಬುರ್ಗಿನ ರಾಜಕುಮಾರಿ. ಕ್ರಿಸ್ಟಿನಾ ರಾಣಿ ಈಕೆಯ ಮಗಳು. ಮೂರನೆಯ ಗುಸ್ತಾವನ ತಾಯಿ ಲೊವೀಸಾ ಉಲ್ರೀಕಾ ಪ್ರಷ್ಯಾದ ಹೊಹೆನ್‌ತ್ಸೊಲರ್ನ್ ಮನೆಯವಳು. 1753ರಲ್ಲಿ ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿದವಳೂ, ಲಿನ್ನೇಯಸನಿಂದ ತನ್ನ ಪ್ರಕೃತಿ ಸಂಗ್ರಹಗಳ ವಿವರಪಟ್ಟಿ ಮಾಡಿಸಿದವಳೂ ಈಕೆಯೇ. 1881ರಲ್ಲಿ ಮುಂದಿನ ಐದನೆಯ ಗುಸ್ತಾವನ ಕೈಹಿಡಿದ ವಿಕ್ಟೋರಿಯಾ ಬಾಡೆನ್ನಿನವಳು. ಈಕೆಯ ತಾಯಿ ಹೊಹೆನ್‌ತ್ಸೊಲರ್ನ್ ಸಾಮ್ರಾಟನ ಮಗಳು. ಈಗಿನ ಅರಸರಿಗೆ ಈ ವಿಕ್ಟೋರಿಯಾ ಮುತ್ತಜ್ಜಿ. ಅವರ ತಾಯಿ ಸಿಬಿಲ್ಲಾ ಕೋಬುರ್ಗಿನ ವೆಟ್ಟಿನ್ ಮನೆಯವರು. ಹೀಗೆ ಸಾವಿರ ವರ್ಷಗಳ ಹಿಂದಿನ ಗಡಿ ಕಾವಲಿನ ಮನೆತನಗಳ ರಕ್ತ ಇಂದಿನ ಸ್ವೀಡನ್ನಿನ ಅರಮನೆಯಲ್ಲಿ ಹರಿಯುತ್ತಿದೆ.

ಗಡಿಯಾಚೆಯಿಂದ ಬಂದ ದೊರೆ

ಇದುವರೆಗೆ ಗಡಿಯ ಈಚೆಯವರ ಮಾತಾಯಿತು. ಆಚೆಯವರ ಗತಿಯೇನಾಯಿತು? ಬಿಲ್ಲುಂಗನ ಸೀಮೆಗೆ ಎದುರಾಗಿದ್ದ ಓಬೊಟ್ರಿಟ್ ಎಂಬ ಸ್ಲಾವ್ ಜನರ ಕೊನೆಯ ಸ್ವತಂತ್ರ ದೊರೆ ನಿಕ್ಲೋಟ್. ಜರ್ಮನ್ನರೊಡನೆ ಹೋರಾಡುತ್ತ 1160ರಲ್ಲಿ ಅವನು ಮಡಿದನು. ಅವನ ಮಗ ಪ್ರಿಬಿಸ್ಲಾವನು (ಬ್ರಾಂಡೆನ್‌ಬುರ್ಗಿನವನಲ್ಲ, ಹೆಸರು ಮಾತ್ರ ಒಂದೇ) 1167ರಲ್ಲಿ ಗೆದ್ದವರ ಸಾಮಂತನಾಗಿ ಒಪ್ಪಿ ತಂದೆಯ ನಾಡಿನ ಬಹುಭಾಗವನ್ನು ಮರಳಿ ಪಡೆದನು. ಇವನ ಸಂತತಿಯೇ ಮೆಕ್ಲೆನ್‌ಬುರ್ಗಿನ ಅರಸುಮನೆತನ. ಇವರು ಜರ್ಮನ್ ಹೆಸರುಗಳನ್ನಿಟ್ಟುಕೊಂಡರು, ಜರ್ಮನ್ ಒಕ್ಕಲುಗಳನ್ನು ಕರೆಸಿದರು, ಜರ್ಮನ್ ಮನೆಗಳಿಂದ ಹೆಣ್ಣು ತಂದರು, ಕೊನೆಗೆ ಜರ್ಮನ್ನರೇ ಆದರು. 1348ರಲ್ಲಿ ಡ್ಯೂಕರೆನಿಸಿದರು.

ಈ ಮನೆತನದ ಡ್ಯೂಕ್ ಆಲ್ಬ್ರೆಕ್ಟನು ಸ್ವೀಡನ್ನಿನ ದೊರೆ ಮಾಗ್ನುಸ್ ಎರಿಕ್ಸನ್ನನ ತಂಗಿ ಎವ್‌ಫೇಮಿಯಾಳನ್ನು ಮದುವೆಯಾಗಿದ್ದನು. ಅವರ ಮಗ ಇನ್ನೊಬ್ಬ ಆಲ್ಬ್ರೆಕ್ಟ್. ಮಾಗ್ನುಸನ ಮೇಲೆ ಅಸಮಾಧಾನಗೊಂಡ ಸ್ವೀಡಿಷ್ ಶ್ರೀಮಂತರು ಸೋದರಳಿಯನಾದ ಇವನನ್ನು ಕರೆತಂದು 1364ರ ಫೆಬ್ರವರಿಯಲ್ಲಿ ಉಪ್ಸಾಲಾದ ಹತ್ತಿರದ ಮೂರಾ ಕಲ್ಲುಗಳ ಬಳಿ ಅರಸನೆಂದು ಆರಿಸಿದರು. ಅದೇ ವರ್ಷ ಅವನ ಮುದ್ರೆಯಲ್ಲಿ ಕಾಣಿಸಿಕೊಂಡ ಮೂರು ಕಿರೀಟಗಳು ಇಂದು ಸ್ವೀಡನ್ನಿನ ರಾಷ್ಟ್ರಲಾಂಛನ. ಸ್ಟಾಕ್‌ಹೋಮಿನ ನಗರಸಭೆಯ ಗೋಪುರದ ತುದಿಯಲ್ಲಿ ಹೊಳೆಯುವುದೂ, ನಮ್ಮ ಹುಡುಗರು ಕೂಗಿ ಹುರಿದುಂಬಿಸುವ ಐಸ್ ಹಾಕಿ ತಂಡದ ಅಂಗಿಯ ಮೇಲಿರುವುದೂ ಅವೇ. ಸ್ವೀಡಿಷ್ ಅಭಿಮಾನದ ಈ ಕುರುಹನ್ನು ತನ್ನ ಮುದ್ರೆಯಲ್ಲಿ ಬಳಸಿದವನು ಸ್ಲಾವ್ ಮೂಲದ, ಜರ್ಮನ್ ನುಡಿಯ ಒಬ್ಬ ದೊರೆ.

ಆಲ್ಬ್ರೆಕ್ಟನ ಆಳ್ವಿಕೆ ಸುಖಕರವಾಗಿರಲಿಲ್ಲ. ಕೋಟೆಗಳನ್ನೂ ಅಧಿಕಾರಗಳನ್ನೂ ಜರ್ಮನ್ ಅನುಯಾಯಿಗಳಿಗೆ ಕೊಟ್ಟನೆಂಬ ದೂರು ಬೆಳೆಯಿತು. 1371ರಲ್ಲಿ ರಾಜಸಭೆಯ ಶ್ರೀಮಂತರಿಗೆ ಬಹಳಷ್ಟು ಅಧಿಕಾರವನ್ನು ಅವನು ಬಿಟ್ಟುಕೊಡಬೇಕಾಯಿತು. ದೇಶದ ಅತಿ ದೊಡ್ಡ ಭೂಮಾಲಿಕ ಬೂ ಯೂನ್ಸನ್ ಗ್ರಿಪ್ 1386ರಲ್ಲಿ ತೀರಿಕೊಂಡಾಗ ಅವನ ಆಸ್ತಿಗೆ ಅರಸನು ಕೈಹಾಕಿದನು. ಶ್ರೀಮಂತರು ಡೆನ್ಮಾರ್ಕಿನ ಮಾರ್ಗರೇಟಳ ಮೊರೆಹೊಕ್ಕರು. 1389ರ ಫೆಬ್ರವರಿ 24ರಂದು ಫಾಲ್‌ಶೋಪಿಂಗ್ ಬಳಿಯ ಓಸ್ಲೆಯಲ್ಲಿ ನಡೆದ ಕಾಳಗದಲ್ಲಿ ಆಲ್ಬ್ರೆಕ್ಟನು ಸೆರೆಸಿಕ್ಕಿ, 1395ರವರೆಗೆ ಸ್ಕೋನೆಯ ಲಿಂಡ್‌ಹೋಲ್ಮೆನ್ ಕೋಟೆಯಲ್ಲಿ ಬಂಧಿಯಾಗಿದ್ದನು. 1397ರಲ್ಲಿ ಕಾಲ್ಮಾರ್ ಒಕ್ಕೂಟ ಸ್ಥಾಪನೆಯಾಯಿತು.

ಆದರೆ ಅರಸನಿಗಿಂತ ಹೆಚ್ಚು ಕಾಲ ಉಳಿದವರು ವರ್ತಕರು ಮತ್ತು ಕುಶಲಕರ್ಮಿಗಳು. ಮಾಗ್ನುಸ್ ಎರಿಕ್ಸನ್ನನ ನಗರ ಕಾನೂನಿನ ಪ್ರಕಾರ ಪಟ್ಟಣದ ಸಭೆಯಲ್ಲಿ ಅರ್ಧದವರೆಗೆ ಜರ್ಮನ್ನರು ಇರಬಹುದಾಗಿತ್ತು. 1471ರ ಬ್ರುಂಕೆಬೆರ್ಗ್ ಕಾಳಗದ ಅನಂತರ ಆ ಅವಕಾಶವನ್ನು ತೆಗೆದುಹಾಕಲಾಯಿತು. ಅಷ್ಟರಲ್ಲಿ ಅವರ ಮಾತು ಇಲ್ಲಿಯ ಮಾತಿನೊಳಗೆ ಬೆರೆತುಹೋಗಿತ್ತು. ಹಣ ಸಲ್ಲಿಸುವುದಕ್ಕೆ ಹೇಳುವ ‘ಬೆತಾಲಾ’, ದರ್ಜಿಗೆ ಹೇಳುವ ‘ಸ್ಕ್ರೆಡ್ಡಾರೆ’, ಕಿಟಕಿಗೆ ಹೇಳುವ ‘ಫೋನ್‌ಸ್ಟೆರ್’ ಇವೆಲ್ಲ ಆ ಜರ್ಮನ್ನರು ಬಿಟ್ಟುಹೋದವು. ಭಾಷೆ ಎಂಬರ್ಥದ ‘ಸ್ಪ್ರೋಕ್’ ಎಂಬ ಮಾತೂ ಅವರದೇ. ಕಚೇರಿ, ಜಮೀನು, ಜಿಲ್ಲೆ ಎನ್ನುವಾಗ ಅವು ಹೊರಗಿನಿಂದ ಬಂದವೆಂದು ನಮಗೆ ನೆನಪಾಗುವುದಿಲ್ಲ. ಹಾಗೆಯೇ ಸ್ವೀಡಿಷರಿಗೂ ಇವು ತಮ್ಮವೇ.

ಗದ್ದುಗೆ ಉಳಿಯಿತು, ನುಡಿ ಅಳಿಯಿತು

ಈಗ ಮೊದಲ ಪ್ರಶ್ನೆಗೆ ಬರೋಣ. ವೆಂಡರು ಎಲ್ಲಿ ಹೋದರು? ಬಹುಮಂದಿ ಎಲ್ಲಿಗೂ ಹೋಗಲಿಲ್ಲ. ಇದ್ದಲ್ಲಿಯೇ ಇದ್ದು ಜರ್ಮನ್ನರಾದರು. ಮೊದಲು ಅರಮನೆ ನುಡಿ ಬಿಟ್ಟಿತು, ಆಮೇಲೆ ಪೇಟೆ, ಕೊನೆಗೆ ಹಳ್ಳಿ. ರ್‍ಯೂಗೆನ್ನಿನ ಸ್ಲಾವ್ ಅರಸುಮನೆತನದ ಕೊನೆಯ ದೊರೆ ಮೂರನೆಯ ವಿಟ್ಸ್‌ಲಾವ್ 1325ರಲ್ಲಿ ತೀರಿಕೊಂಡನು. ಸಾಹಿತ್ಯದ ಇತಿಹಾಸದಲ್ಲಿ ಅವನಿಗೆ ಸ್ಥಾನವಿರುವುದು ಜರ್ಮನ್ ಭಾಷೆಯ ಶೃಂಗಾರಗೀತೆಗಳ ಕವಿಯಾಗಿ. ನಿಕ್ಲೋಟನ ವಂಶ ಮೆಕ್ಲೆನ್‌ಬುರ್ಗಿನಲ್ಲಿ 1918ರವರೆಗೆ, ಏಳೂವರೆ ಶತಮಾನಗಳ ಕಾಲ, ಆಳಿತು. ಆದರೆ ನಿಕ್ಲೋಟನು ಆಡಿದ ನುಡಿಯನ್ನು ಆಡುವವರು ಅಲ್ಲಿ ಒಬ್ಬರೂ ಉಳಿಯಲಿಲ್ಲ. ಸ್ಥಳನಾಮಗಳು ಮಾತ್ರ ಸಾಕ್ಷಿ ಹೇಳುತ್ತವೆ. ಪೊಮೆರೇನಿಯಾ ಎಂದರೆ ಸ್ಲಾವ್ ನುಡಿಯಲ್ಲಿ ಕಡಲ ದಂಡೆಯ ನಾಡು. ನಮ್ಮ ಕರಾವಳಿ ಎಂಬ ಮಾತಿನ ಹಾಗೆ. 1648ರಿಂದ 1815ರವರೆಗೆ ಆ ಪೊಮೆರೇನಿಯಾದ ಒಂದು ಭಾಗವನ್ನು ಸ್ವೀಡನ್ ಆಳಿತು.

ಎಲ್ಬೆಯ ಪಶ್ಚಿಮಕ್ಕೆ ಹಾನೋವರ್ ಸೀಮೆಯ ಒಂದು ಮೂಲೆಯಲ್ಲಿ ಪೊಲಾಬಿಯನ್ ಎಂಬ ಸ್ಲಾವ್ ನುಡಿ 18ನೆಯ ಶತಮಾನದವರೆಗೂ ಉಸಿರಾಡುತ್ತಿತ್ತು. ಆ ಶತಮಾನದ ಆರಂಭದಲ್ಲಿ ಅಲ್ಲಿಯ ಹಳ್ಳಿಯೊಂದರ ರೈತ ಯೋಹಾನ್ ಪಾರುಮ್ ಶುಲ್ಟ್ಸೆ ತನಗೆ ತಿಳಿದ ಮಾತುಗಳನ್ನು ಬರೆದಿಟ್ಟನು. ತಾನೂ ಊರಿನ ಇನ್ನು ಮೂವರೂ ಕಣ್ಮುಚ್ಚಿದರೆ ನಾಯಿಗೆ ತಮ್ಮ ನುಡಿಯಲ್ಲಿ ಏನೆನ್ನುತ್ತಾರೆಂದು ಸರಿಯಾಗಿ ಹೇಳುವವರು ಇರಲಾರರು ಎಂಬುದು ಅವನ ಕೊರಗು. ಅವನು ಅಂಜಿದ ಹಾಗೆಯೇ ಆಯಿತು.

ಆದರೆ ಎಲ್ಲ ಕಡೆಯೂ ಹೀಗಾಗಲಿಲ್ಲ. ಗೇರೋನ ಗಡಿಸೀಮೆಯ ಒಂದು ತುಂಡಾದ ಲೌಸಿಟ್ಸಿನಲ್ಲಿ, ಬೌಟ್ಸೆನ್ ಮತ್ತು ಕೊಟ್‌ಬುಸ್ ಪಟ್ಟಣಗಳ ಸುತ್ತ, ಸೋರ್ಬ್ ಎಂಬ ಸ್ಲಾವ್ ಜನ ತಮ್ಮ ನುಡಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಇವರಿಗೆ ಮಧ್ಯಯುಗದ ತರುವಾಯ ಸ್ವಂತ ಅರಸನಿರಲಿಲ್ಲ, ಸೈನ್ಯವಿರಲಿಲ್ಲ, ರಾಜಧಾನಿಯಿರಲಿಲ್ಲ. ಇದ್ದುದು ಮನೆಯ ಮಾತು, ಒತ್ತೊತ್ತಾಗಿದ್ದ ಹಳ್ಳಿಗಳು, ಸ್ವಂತ ನುಡಿಯ ಪ್ರಾರ್ಥನೆ, ಮತ್ತು ಬರಹ. 1548ರಲ್ಲಿಯೇ ಮಿಕ್ಲಾವುಶ್ ಯಾಕುಬಿತ್ಸಾ ಎಂಬ ಪಾದ್ರಿ ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಸೋರ್ಬ್ ನುಡಿಗೆ ತಂದನು. 1912ರಲ್ಲಿ ಅವರ ಸಂಘಗಳೆಲ್ಲ ಸೇರಿ ‘ದೊಮೊವಿನಾ’ ಎಂಬ ಒಕ್ಕೂಟವನ್ನು ಕಟ್ಟಿದವು. 1937ರಲ್ಲಿ ನಾಜಿಗಳು ಅದನ್ನು ನಿಷೇಧಿಸಿದರು. 1948ರಲ್ಲಿ ಸ್ಯಾಕ್ಸನಿಯ ಶಾಸನಸಭೆ ಸೋರ್ಬರ ಹಕ್ಕುಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿತು. 1998ರಲ್ಲಿ ‘ವಿತಾಯ್’, ಎಂದರೆ ಸ್ವಾಗತ, ಎಂಬ ಹೆಸರಿನಲ್ಲಿ ಶಿಶುವಿಹಾರಗಳನ್ನು ತೊಡಗಿ, ಮನೆಯಲ್ಲಿ ನುಡಿ ನಿಂತುಹೋದ ಮಕ್ಕಳಿಗೂ ಅದನ್ನು ಮತ್ತೆ ಕಲಿಸತೊಡಗಿದರು. 2008ರಿಂದ 2017ರವರೆಗೆ ಸ್ಯಾಕ್ಸನಿಯ ಮುಖ್ಯಮಂತ್ರಿಯಾಗಿದ್ದ ಸ್ತಾನಿಸ್ಲಾವ್ ತಿಲಿಖ್ ಸೋರ್ಬರು. ವೆಟ್ಟಿನ್ ಅರಸರು ಆಳಿದ ಡ್ರೆಸ್ಡೆನ್ನಿನಲ್ಲಿಯೇ ಕುಳಿತು, ಗಡಿಯಾಚೆಯ ಜನರ ಮಗನೊಬ್ಬ ಆಡಳಿತ ನಡೆಸಿದಂತಾಯಿತು.

ಈ ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಕಡೆ ಗದ್ದುಗೆಯನ್ನು ಉಳಿಸಿಕೊಂಡು ನುಡಿಯನ್ನು ಕಳೆದುಕೊಂಡ ಮನೆತನ. ಇನ್ನೊಂದು ಕಡೆ ಗದ್ದುಗೆಯ ಗೊಡವೆಯೇ ಇಲ್ಲದೆ ನುಡಿಯನ್ನು ಉಳಿಸಿಕೊಂಡ ಜನ. ಮೆಕ್ಲೆನ್‌ಬುರ್ಗಿನವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸೋತ ತಂದೆಯ ಮಗನಾಗಿ ಪ್ರಿಬಿಸ್ಲಾವನು ಮಾಡಿದುದು ಅಂದಿನ ಸಂದರ್ಭದಲ್ಲಿ ವಿವೇಕದ ಕೆಲಸವೇ ಆಗಿರಬಹುದು. ಆದರೆ ಪದವಿ, ಸಂಪತ್ತು, ಸಂಬಂಧ ಇವುಗಳಲ್ಲಿ ಯಾವುದೂ ತಾನಾಗಿಯೇ ನುಡಿಯನ್ನು ಕಾಪಾಡುವುದಿಲ್ಲವೆಂಬುದನ್ನು ಇತಿಹಾಸ ಇಲ್ಲಿ ಸ್ಪಷ್ಟವಾಗಿ ತೋರಿಸುತ್ತದೆ. ಏಳಿಗೆ ಹೊಂದಿದ ಮನೆಗಳಲ್ಲಿಯೇ ನುಡಿ ಮೊದಲು ಬತ್ತಿತು.

ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಹರಡಿತ್ತೆಂದು ಕವಿರಾಜಮಾರ್ಗ ಹೇಳುತ್ತದೆ. ಎಲ್ಲೆಗಳು ಆಮೇಲೆ ಸರಿದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟೆಗಳು ಮಹಾರಾಷ್ಟ್ರದ ಪಾಲಿಗೆ ಉಳಿದವು. ಅಲ್ಲಿಯ ಕನ್ನಡಿಗರು ಅರಸರ ಬಲದಿಂದಲ್ಲ, ಶಾಲೆ, ಯಕ್ಷಗಾನ, ಭಜನೆ, ಮನೆಮಾತುಗಳ ಬಲದಿಂದ ಕನ್ನಡಿಗರಾಗಿ ಬಾಳುತ್ತಿದ್ದಾರೆ. ಬಾಲ್ಟಿಕ್ ದಂಡೆಗೆ ಬಂದು ನೆಲೆಸಿರುವ ನಾವೂ ಒಂದರ್ಥದಲ್ಲಿ ಕನ್ನಡದ ಗಡಿಯಲ್ಲಿಯೇ ಇದ್ದೇವೆ. ಇಲ್ಲಿ ನಮಗೆ ಎದುರಾಳಿಗಳಿಲ್ಲ; ಈ ದೇಶ ನಮ್ಮನ್ನು ಆದರದಿಂದ ನಡೆಸಿಕೊಂಡಿದೆ. 1977ರ ಶಾಲಾ ಸುಧಾರಣೆಯ ಕಾಲದಿಂದ ಸ್ವೀಡನ್ನಿನ ಪುರಸಭೆಗಳು ವಲಸೆ ಬಂದವರ ಮಕ್ಕಳಿಗೆ ಮಾತೃಭಾಷೆಯ ಪಾಠಕ್ಕೆ ಏರ್ಪಾಡು ಮಾಡುತ್ತ ಬಂದಿವೆ. ಒಂದು ಪುರಸಭೆಯಲ್ಲಿ ಆ ಪಾಠವನ್ನು ಬಯಸುವ ಮಕ್ಕಳು ಕನಿಷ್ಠ ಐವರಿರಬೇಕು, ತಕ್ಕ ಉಪಾಧ್ಯಾಯರು ದೊರೆಯಬೇಕು, ಇವು ನಿಯಮ. ಆ ಪಾಠ ನಡೆಯಲು ಮಗುವಿಗೆ ಮನೆಯಲ್ಲಿ ಆ ನುಡಿಯ ಬಳಕೆಯಿರಬೇಕು, ಅದರ ತಿಳಿವಳಿಕೆಯಿರಬೇಕು. ಎಂದರೆ ಶಾಲೆಯ ಬಾಗಿಲು ತೆರೆಯುವ ಕೀಲಿಕೈ ಮನೆಯೊಳಗೇ ಇದೆ.

ಕೋಟೆಯನ್ನು ಕಾಯಲು ಅಂತಪಾಲರು ಬೇಕಾಗುತ್ತಾರೆ, ಮಾರ್ಕ್‌ಗ್ರಾಫರು ಬೇಕಾಗುತ್ತಾರೆ. ನುಡಿಯ ಗಡಿಯನ್ನು ಕಾಯಲು ಐವರು ಮಕ್ಕಳು, ಒಬ್ಬ ಉಪಾಧ್ಯಾಯ, ಮತ್ತು ಊಟದ ಹೊತ್ತಿನಲ್ಲಿ ಕನ್ನಡದಲ್ಲಿ ಮಾತಾಡುವ ತಂದೆತಾಯಿ ಇದ್ದರೆ ಸಾಕು. ನಮ್ಮ ಊರುಗಳಲ್ಲಿ ಅಂಥ ಐವರನ್ನು ಒಂದುಗೂಡಿಸುವ ಕೆಲಸಕ್ಕೆ ಈ ಕೂಟದ ಸದಸ್ಯರೆಲ್ಲರೂ ಮನಸ್ಸು ಕೊಡಬೇಕೆಂದು ಕೋರಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.